ಒಂಬತ್ತು ದಿನ ಬೋನು ಮುಚ್ಚಲಿಲ್ಲ

ನಮ್ಮದು ವಿಜಯಪುರ ಜಿಲ್ಲೆಯ ಸಿಂದಗಿ ಕಡೆ. ಮನೆ ಹಿಂದೆ ತಗಡಿನ ಗೋದಾಮಿದೆ. ತೊಗರಿ, ಕಡಲೆ, ಬಿಳಿಜೋಳ ಎಲ್ಲಾ ಸೇರಿ ಸುಗ್ಗಿಯಲ್ಲಿ ಸುಮಾರು 300 ಚೀಲ ಬೀಳುತ್ತವೆ. ಮೂರು ವರ್ಷ ಇಲಿಗಳು ನನ್ನನ್ನು ಆಟ ಆಡಿಸಿದವು. ಹೋದ ವರ್ಷ ನಾನು ಗೆದ್ದೆ.

ಮೊದಲ ವರ್ಷ ಜಿಂಕ್ ಫಾಸ್ಫೈಡ್ ಅನ್ನೋ ಇಲಿ ವಿಷ ಇಟ್ಟೆ. ಮೊದಲು ಎರಡು ಮೂರು ದಿನ ಬರೀ ನುಚ್ಚು ಹಾಕಿ ರೂಢಿ ಮಾಡಿಸಬೇಕು ಅನ್ನೋದು ಗೊತ್ತಿತ್ತು. ಅವಸರಕ್ಕೆ ಬಿಟ್ಟೆ. ಬೆಳಿಗ್ಗೆ ಏಳು ಇಲಿ ಸತ್ತು ಬಿದ್ದಿದ್ದವು. ಮಾರನೇ ರಾತ್ರಿ ಒಂದೂ ಬಾಯಿ ಹಾಕಲಿಲ್ಲ. ಹದಿನೈದು ದಿನ ಬಿಟ್ಟು ವಿಷವಿಲ್ಲದ ನುಚ್ಚು ಇಟ್ಟರೂ ಪಕ್ಕದಲ್ಲೇ ಹಾದು ಹೋದವು. ಚೂರು ತಿಂದು, ಹೊಟ್ಟೆ ಕೆಟ್ಟು, ಬದುಕಿ ಉಳಿದ ಇಲಿ ಆ ರುಚಿ ಮರೆಯುವುದಿಲ್ಲ. ಹೊಟ್ಟೆ ಕೆಡೋದು ತಾಸುಗಟ್ಟಲೆ ತಡವಾದರೂ ತಪ್ಪು ಯಾವ ತುತ್ತಿನದು ಅಂತ ಹಿಡಿಯುತ್ತದೆ. ಅಮೆರಿಕದ ವಿಜ್ಞಾನಿ ಜಾನ್ ಗಾರ್ಸಿಯಾ 1955ರಲ್ಲೇ ಕೆಟ್ಟ ರುಚಿ ನೆನಪಿಡುವ ಈ ಗುಣ ತೋರಿಸಿಕೊಟ್ಟಿದ್ದರು. ಸಿಹಿ ನೀರು ಕುಡಿಯುವಾಗ ವಿಕಿರಣ ತಗುಲಿದ ಇಲಿಗಳು ಆಮೇಲೆ ಸಿಹಿ ನೀರು ಕುಡಿಯೋದು ತೀರಾ ಕಮ್ಮಿ ಮಾಡಿದವು.

ಎರಡನೇ ವರ್ಷ ಅಂಟಿನ ಹಾಳೆ. ಧೂಳು ಕೂತು ವಾರದಲ್ಲಿ ಕೆಲಸಕ್ಕೆ ಬಾರದಾದವು. ಸಾವಿರದೈನೂರು ಹೋಯಿತು. ಮೂರನೇ ವರ್ಷ ಒಬ್ಬರು ಗ್ಯಾರಂಟಿ ಅಂತ ಹೇಳಿ ಆರು ಸಾವಿರ ತಗೊಂಡು ಹೋದರು, ಮತ್ತೆ ಫೋನ್ ಎತ್ತಲಿಲ್ಲ. ಆ ವರ್ಷ ಐವತ್ತರ ಮೇಲೆ ಚೀಲ ತೂತಾದವು. ಹೊಲಿಗೆ, ಹಮಾಲಿ, ಚೆಲ್ಲಿದ ಕಾಳು ಎಲ್ಲಾ ಹಿಡಿದರೆ ಮೂವತ್ತು ಸಾವಿರಕ್ಕೆ ಕಮ್ಮಿ ಇಲ್ಲ. ತೊಗರಿಯಲ್ಲಿ ಹಿಕ್ಕೆ ಕಂಡು ಅಡತ್ಯಾ (ದಲ್ಲಾಳಿ) ರೇಟು ಇಳಿಸಿದ್ದು ಬೇರೆ.

ಆಮೇಲೆ ಹಿಡಿಯೋದು ಬಿಟ್ಟು ಸುಮ್ನೆ ನೋಡಲು ಶುರು ಮಾಡಿದೆ. ರಾತ್ರಿ ನೆಲಕ್ಕೆ ಒಲೆಯ ಬೂದಿ ಜರಡಿ ಹಿಡಿದು ಹರಡುತ್ತಿದ್ದೆ. ಬೆಳಿಗ್ಗೆ ಹೆಜ್ಜೆ ಓದುತ್ತಿದ್ದೆ. ಮುಂಗಾಲು ಸಣ್ಣ ಹೂವಿನ ಹಾಗೆ, ಹಿಂಗಾಲು ಉದ್ದ, ನಡುವೆ ಬಾಲದ ಗೆರೆ. ಒಂದು ದಿನ ಚೀಲಗಳ ನಿಟ್ಟು ಬೇರೆ ಗೋಡೆಗೆ ಸರಿಸಿದೆವು. ಮೊದಲ ರಾತ್ರಿ ಹೆಜ್ಜೆಗಳು ಗೋಡೆ ಗುಂಟ ಹೋಗಿ, ನಿಂತು, ತಿರುಗಿ ಬಂದಿದ್ದವು. ಎರಡನೇ ರಾತ್ರಿ ನಿಟ್ಟಿನ ಸುತ್ತ ಎರಡು ಸುತ್ತು. ನಾಲ್ಕನೇ ರಾತ್ರಿ ಬಿಲದಿಂದ ಚೀಲಕ್ಕೆ ಒಂದೇ ನೇರ ಗೆರೆ! ತಿನ್ನಲು ಸಿಗದ ಮೂಲೆಗಳನ್ನೂ ತಿರುಗಿ ನೋಡಿ ಇಟ್ಟುಕೊಂಡಿರುತ್ತವೆ. 1930ರಲ್ಲಿ ಅಮೆರಿಕದ ವಿಜ್ಞಾನಿಗಳು ಟೋಲ್ಮನ್ ಮತ್ತು ಹಾಂಜಿಕ್ ಇಲಿಗಳನ್ನು ಹತ್ತು ದಿನ, ಕೊನೆಯಲ್ಲಿ ತಿಂಡಿ ಇಡದೆ, ಕವಲು ಕವಲಾದ ಸುತ್ತುದಾರಿಯಲ್ಲಿ ಅಲೆಯಲು ಬಿಟ್ಟಿದ್ದರು. ಹನ್ನೊಂದನೇ ದಿನ ತಿಂಡಿ ಇಟ್ಟರು. ಮಾರನೇ ದಿನವೇ ಅವು ಮೊದಲಿನಿಂದ ತಿಂಡಿ ಸಿಕ್ಕ ಇಲಿಗಳಷ್ಟೇ ಸಲೀಸಾಗಿ ದಾರಿ ಹಿಡಿದವು. ನನ್ನ ಬೂದಿ ಹೇಳಿದ್ದೂ ಅದನ್ನೇ.

ಹಾಗಾದರೆ ಬೋನನ್ನೂ ಅವುಗಳ ತಲೆಯಲ್ಲಿರುವ ಆ ದಾರಿಗಳ ನಕ್ಷೆಯೊಳಗೆ ಸೇರಿಸಬೇಕು, ಅಲ್ವಾ? ಹದಿನಾಲ್ಕು ತಂತಿ ಬೋನು ತಂದೆ, ಎರಡೂವರೆ ಸಾವಿರ ಆಯಿತು. ಬಾಗಿಲು ಬೀಳದ ಹಾಗೆ ತಂತಿ ಬಿಗಿದು, ಗೋಡೆ ಗುಂಟ ಇಟ್ಟು, ಒಳಗೆ ನುಚ್ಚು ಮತ್ತು ಶೇಂಗಾ ಹಿಂಡಿ ಹಾಕಿದೆ. ನಮ್ಮ ಹಮಾಲ ಕೇಳಿದ, "ಸಾವ್ಕಾರ್ರ, ಇಲಿಗೋಳಿಗೆ ಪ್ರಸಾದ ಹಾಕ್ಲಿಕ್ಕತ್ತೀರೇನ್ರೀ?" ಅಣ್ಣ ಎರಡು ದಿನ ಮಾತೇ ಆಡಲಿಲ್ಲ.

ಮೂರು ದಿನ ಯಾವುದೂ ಹತ್ತಿರ ಬರಲಿಲ್ಲ. ಹೊಸ ವಸ್ತು ಅಂದರೆ ಅವಕ್ಕೆ ಅಷ್ಟು ಭಯ. ನಾಲ್ಕನೇ ದಿನ ಬೋನಿನ ಬಾಯಿಯ ಹತ್ತಿರದ ಕಾಳು ಮಾತ್ರ ಹೋಗಿತ್ತು. ಆರನೇ ದಿನ ಒಳಗೆ ಹಿಕ್ಕೆ ಕಂಡೆ. ಎಂಟು, ಒಂಬತ್ತನೇ ದಿನ ಹದಿನಾಲ್ಕೂ ಬೋನು ನೆಕ್ಕಿದ ಹಾಗೆ ಸಾಫ್. ಹತ್ತನೇ ರಾತ್ರಿ ಎಲ್ಲಾ ತಂತಿ ಒಟ್ಟಿಗೆ ಬಿಚ್ಚಿದೆ. ಬೆಳಿಗ್ಗೆ ಹನ್ನೊಂದು ಬೋನು ತುಂಬಿದ್ದವು. ಎರಡರಲ್ಲಿ ಜೋಡಿ ಇಲಿ ಇದ್ದವು. ಮುಂದಿನ ಮೂರು ರಾತ್ರಿ ಸೇರಿ ಇನ್ನೊಂದು ಎಂಟು ಒಂಬತ್ತು. ಅರ್ಧ ಬೋನು ಇವತ್ತು, ಅರ್ಧ ನಾಳೆ ಅಂತ ಮಾಡಲೇಬೇಡಿ. ಸಿಕ್ಕಿಬಿದ್ದು ತಪ್ಪಿಸಿಕೊಂಡ ಒಂದು ಇಲಿ ಮತ್ತೆ ಬೋನಿನ ಕಡೆ ಬರುವುದು ಕಷ್ಟ. ಬೋನನ್ನು ಸೋಪು ಹಾಕಿ ತೊಳೆಯಲೂಬೇಡಿ. ತಳಕ್ಕೆ ನಾನು ಏನು ಸವರುತ್ತೇನೆ ಅನ್ನೋದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ನಡುವೆ ಇನ್ನೊಂದು ಆಟ ಆಡಿ ನೋಡಿದೆ. ಇಲಿಗಳು ಒಂದರ ಬಾಯಿ ಇನ್ನೊಂದು ಮೂಸಿ, ಅದು ತಿಂದದ್ದನ್ನು ತಾವೂ ಹುಡುಕುತ್ತವೆ ಅಂತ ಕೆನಡಾದ ವಿಜ್ಞಾನಿ ಗೇಲೆಫ್ 1980ರ ದಶಕದಲ್ಲಿ ತೋರಿಸಿದ್ದರು. ಹಿಡಿದ ಒಂದು ಇಲಿಗೆ ಓಂಕಾಳು ಕಲಸಿದ ನುಚ್ಚು ತಿನ್ನಿಸಿ, ಬೋನು ಸಮೇತ ರಾತ್ರಿ ಮೂಲೆಯಲ್ಲಿಟ್ಟೆ. ಮಾರನೇ ರಾತ್ರಿ ದೂರದಲ್ಲಿ ಎರಡು ತಟ್ಟೆ ಇಟ್ಟೆ, ಒಂದಕ್ಕೆ ಓಂಕಾಳು, ಒಂದಕ್ಕೆ ಜೀರಿಗೆ. ಓಂಕಾಳಿನದು ಖಾಲಿ, ಜೀರಿಗೆಯದು ಮುಕ್ಕಾಲು ಹಾಗೇ ಇತ್ತು. ಮಾಡಿದ್ದು ಎರಡೇ ಸಲ, ಎರಡು ಸಲವೂ ಹಾಗೇ ಆಯಿತು.

ಹೋದ ಸುಗ್ಗಿಯಲ್ಲಿ ತೂತಾದ ಚೀಲ ನಾಲ್ಕೋ ಐದೋ. ಈಗ ಅಣ್ಣನೇ ನುಚ್ಚು ಹಾಕುತ್ತಾನೆ. ಹಿಂದಿನ ಗೋಡೆಯ ಹೆಗ್ಗಣ ಮಾತ್ರ ಈ ಬೋನಿಗೆ ಬಗ್ಗಿಲ್ಲ. ಅದು ಬಿಲದ ಬಾಯಿಗೆ ಮಣ್ಣು ಮುಚ್ಚಿಕೊಂಡು ಒಳಗೇ ಕೂರುತ್ತದೆ. ಅದಕ್ಕಂತ ದೊಡ್ಡ ಬೋನು ಮಾಡಿಸಿ ಇಪ್ಪತ್ತು ದಿನದಿಂದ ಬಾಗಿಲು ತೆರೆದೇ ಇಟ್ಟಿದ್ದೇನೆ. ನಿನ್ನೆ ಬೋನಿನ ಬಾಯಿಯ ಮುಂದಿನ ಬೂದಿಯಲ್ಲಿ ಮೊದಲ ಸಲ ಅದರ ಹೆಜ್ಜೆ ಕಂಡಿತು.