ಬಚ್ಚಲು ಗುಂಡಿ ಕಟ್ಟಿಕೊಳ್ಳದಂತೆ ಮಾಡುವುದು ಹೇಗೆ?

ನಲ್ಲಿ ಮನೆ ಬಾಗಿಲಿಗೆ ಬಂದ ಮೇಲೆ ಬಚ್ಚಲ ನೀರೂ ಜಾಸ್ತಿಯಾಗಿದೆ. ಮನೆಮನೆಗೆ ನಲ್ಲಿ ಹಾಕುವ ಜಲಜೀವನ್ ಯೋಜನೆಯ ಲೆಕ್ಕದಲ್ಲಿ ಒಬ್ಬರಿಗೆ ದಿನಕ್ಕೆ 55 ಲೀಟರ್. ಐದು ಜನರ ಮನೆಗೆ 275. ಕುಡಿಯಲು, ಅಡುಗೆಗೆ ಸ್ವಲ್ಪ ಹೋದರೆ ಉಳಿದದ್ದೆಲ್ಲ ಬಚ್ಚಲಿಗೇ. ಹಾಗಾಗಿ ನಮ್ಮ ಆಲೂರು ಕಡೆ ಈಗ ಹಿತ್ತಲಿಗೊಂದು ಇಂಗು ಗುಂಡಿ, ಅಂದರೆ ಬಚ್ಚಲ ನೀರು ಮಣ್ಣಿಗೆ ಇಂಗಲಿ ಅಂತ ಕಲ್ಲು ತುಂಬಿದ ಗುಂಡಿ. ಅದರಲ್ಲಿ ಎಷ್ಟೋ ಕಟ್ಟಿಕೊಂಡು ಕೂತಿವೆ. ನನ್ನ ಮೊದಲನೆಯದೂ ಹಾಗೇ ಆಯಿತು.

ಜಾಗ: ಬಾವಿಯಿಂದ ಕನಿಷ್ಠ 10 ಮೀಟರ್ ದೂರ, ಇಳಿಜಾರಿದ್ದರೆ ಬಾವಿಗಿಂತ ಕೆಳಗೆ. ಶೌಚಾಲಯದ ಪೈಪು ಇದಕ್ಕೆ ಬೇಡವೇ ಬೇಡ.

ಅಗೆತ: ಉದ್ದ, ಅಗಲ, ಆಳ ಒಂದೊಂದು ಮೀಟರ್. ಕಲ್ಲು ತುಂಬಿದ ಮೇಲೂ ಸಂದಿಯಲ್ಲಿ ಸುಮಾರು 400 ಲೀಟರ್ ನಿಲ್ಲುತ್ತದೆ. ಮೊದಲು ಹತ್ತು ಬಕೆಟ್ ನೀರು ಸುರಿದು ನೋಡಿ. ಬೆಳಗ್ಗೆ ಸುರಿದದ್ದು ಸಂಜೆಗೂ ಇದ್ದರೆ ಬೇರೆ ಜಾಗ ನೋಡಿ. ಸಕಲೇಶಪುರ, ಮೂಡಿಗೆರೆ ಕಡೆಯವರು ಬೇಸಿಗೆಯ ಪರೀಕ್ಷೆ ನಂಬಬೇಡಿ. ಆಷಾಢದಲ್ಲಿ ತಳದಿಂದಲೇ ಜಲ ಏಳುವ ಕಡೆ ಗುಂಡಿಯೇ ಬೇಡ. ಬಾಳೆ, ಕೆಸುವಿನ ಸಾಲಿಗೆ ನೀರು ಬಿಡುವುದೇ ವಾಸಿ.

ಇನ್ನು ಎಲ್ಲರೂ ಕೆಡಿಸುವ ಕೆಲಸ: ಗುಂಡಿಗೆ ಮುಂಚಿನ ಚೇಂಬರ್, ಅಂದರೆ ಜಿಡ್ಡು, ಬೂದಿ ತಡೆಯುವ ಪುಟ್ಟ ತೊಟ್ಟಿ. "ಅದ್ಯಾಕಣ್ಣಾ, ಸುಮ್ನೆ ದುಡ್ಡು ದಂಡ" ಅಂದರು ನಮ್ಮ ಗಾರೆಯವರು. ನಾನೂ ತಲೆಯಾಡಿಸಿದೆ. ಎರಡನೇ ಮಳೆಗಾಲಕ್ಕೆ ನೀರು ಬಚ್ಚಲಿಗೇ ವಾಪಸ್ ಬಂತು. ಮೇಲಿನ ಒಂದಡಿ ಕಲ್ಲು ತೆಗೆಸಿದೆ. ಹಂಡೆ ಒಲೆಯ ಬೂದಿ, ಸೋಪು, ಬಾಡೂಟದ ಜಿಡ್ಡು ಸೇರಿ ಕಪ್ಪು ಬೆಣ್ಣೆಯ ಹಾಗೆ ಮೆತ್ತಿಕೊಂಡಿತ್ತು. ನಡುವೆ ಎರಡು ಅಂಗಿ ಗುಂಡಿ, ಒಂದು ಹೇರ್‌ಪಿನ್. ಅದರ ಕೆಳಗಿನ ಕಲ್ಲು ಮಾತ್ರ ತೊಳೆದಿಟ್ಟಂತಿತ್ತು. ನೀರು ಅಲ್ಲಿಗೆ ತಲುಪಿದ್ದರೆ ತಾನೇ!

ಚೇಂಬರ್ ಒಂದೂವರೆ ಅಡಿ ಚೌಕ, ಅಷ್ಟೇ ಆಳ ಸಾಕು. ಇಟ್ಟಿಗೆ ಕಟ್ಟಿ ಒಳಗೆ ಸಿಮೆಂಟ್ ಬಳಿಯಿರಿ. ಬಚ್ಚಲಿನ ಪೈಪು ಮೇಲ್ಗಡೆ ಸೇರಲಿ, ಗುಂಡಿಗೆ ಹೋಗುವ ಪೈಪು ಅದಕ್ಕಿಂತ ಎರಡು ಇಂಚು ಕೆಳಗಿರಲಿ. ಈ ಎರಡನೇ ಪೈಪಿನ ಒಳಬಾಯಿಗೆ ಒಂದು ಟೀ (T ಆಕಾರದ, ಮೂರು ಬಾಯಿಯ ಪೈಪ್ ತುಂಡು) ಹಾಕಿ, ಒಂದು ಬಾಯಿ ಮೇಲಕ್ಕೆ, ಒಂದು ಕೆಳಕ್ಕೆ ಇರಲಿ. ಅದರ ಕೆಳಗಿನ ಕಾಲು ನೀರಿನೊಳಗೆ ಅರ್ಧ ಅಡಿ ಇಳಿದಿರಬೇಕು, ನೆಲಕ್ಕೆ ತಾಗಬಾರದು. ಜಿಡ್ಡು ಮೇಲೆ ತೇಲುತ್ತದೆ, ಬೂದಿ ಕೆಳಗೆ ಕೂರುತ್ತದೆ, ನಡುವಿನ ನೀರಷ್ಟೇ ಗುಂಡಿಗೆ ಹೋಗುತ್ತದೆ. ಟೀಯನ್ನು ಗಮ್ ಹಾಕಿ ಅಂಟಿಸಬೇಡಿ, ಬಿಚ್ಚಿ ತೊಳೆಯಬೇಕಲ್ವಾ? ಎಲ್ಬೋ (ಎರಡೇ ಬಾಯಿಯ ಬಾಗಿದ ತುಂಡು) ಅಗ್ಗ ಅಂತ ಅದನ್ನೇ ಹಾಕುವವರಿದ್ದಾರೆ. ನನಗೆ ಟೀಯೇ ಇಷ್ಟ. ಕಟ್ಟಿಕೊಂಡರೆ ಮೇಲಿನ ಬಾಯಿಂದ ಕಡ್ಡಿ ಹಾಕಬಹುದು. ಮುಚ್ಚಳ ಮನೆಯ ಹೆಂಗಸರೂ ಒಂದೇ ಕೈಲಿ ಎತ್ತುವಷ್ಟು ಹಗುರವಾಗಿರಲಿ. ಭಾರದ ಚಪ್ಪಡಿ ಹಾಕಿದರೆ ಯಾರೂ ತೆಗೆಯುವುದಿಲ್ಲ.

ಕಲ್ಲು ತುಂಬುವುದು ಸುಲಭ: ತಳಕ್ಕೆ ಐದಾರು ಇಂಚಿನದು, ನಡುವೆ ಮೂರ್ನಾಲ್ಕು ಇಂಚಿನದು, ಮೇಲೆ ದಪ್ಪ ಜಲ್ಲಿ. ಮರಳು ಬೇಡ. ಮೇಲೆ ಗೋಣಿಚೀಲ ಹಾಸಿ ಮಣ್ಣು ಮುಚ್ಚಿ.

ಗುಂಡಿ ಖಾಲಿ ಮಾಡುತ್ತದೆ ಅಂತ ಮಾರುವ ಪೌಡರ್ ನಾನೂ ತಂದು ಸುರಿದಿದ್ದೆ. ಮೂರು ದಿನ ವಾಸನೆ ಬಂತು, ಅಷ್ಟೇ.

ಹದಿನೈದು ದಿನಕ್ಕೊಮ್ಮೆ ಹಳೇ ಚೊಂಬಿನಲ್ಲಿ ಚೇಂಬರಿನ ಜಿಡ್ಡು, ಕೆಸರು ಎತ್ತಿ ತಿಪ್ಪೆಗೆ ಹಾಕಿ. ಹಬ್ಬಕ್ಕೆ ನೆಂಟರು ಬಂದು ಹೋದರೆ ಮಾರನೇ ದಿನವೇ ಇನ್ನೊಂದು ಸಲ ತೆಗೆಯಿರಿ.