ಹೊಟ್ಟೆ ಒಡೆದ ಕಾಟ್ಲಾ: ಸತ್ತ ಮೀನು ಮೆತ್ತಗಾಗೋದನ್ನ ನಾನು ತಡೆದಿದ್ದು ಹೀಗೆ

ನಮ್ದು ಮಳವಳ್ಳಿ ಕಡೆ, ಒಂದು ಎಕರೆ ಹೊಂಡ, ನಾಲೆ ನೀರೂ ಇದೆ ಬೋರೂ ಇದೆ. ಕಾಟ್ಲಾ, ರೋಹು, ಮೃಗಾಲ್ ಮೂರೂ ಗೆಂಡೆ ಜಾತಿ ಮೀನು ಬಿಟ್ಟಿದ್ದೀನಿ. ಮೀನು ಬೆಳೆಸೋದು ಹೇಗೆ ಅಂತ ಹೇಳಿಕೊಡೋರು ಬೇಕಾದಷ್ಟು ಜನ ಸಿಕ್ರು, ಆದ್ರೆ ನೀರಿಂದ ಎತ್ತಿದ ಮೇಲೆ ಅದ್ರ ಮೈಯೊಳಗೆ ಏನು ನಡೆಯುತ್ತೆ ಅಂತ ಯಾರೂ ಹೇಳ್ಲಿಲ್ಲ, ನಾನೂ ಕೇಳ್ಲಿಲ್ಲ. ಅದಕ್ಕೆ ತೆತ್ತ ಬೆಲೆ ಜಾಸ್ತಿನೇ ಆಯ್ತು.

2022ರ ಏಪ್ರಿಲ್. ಬೆಳಗ್ಗೆ ಏಳಕ್ಕೆ ದಿನದ ಹಾಗೇ ತೌಡು, ಕಡ್ಲೆಕಾಯಿ ಹಿಂಡಿ ಹಾಕ್ದೆ, ತೂಕ ಚೆನ್ನಾಗಿ ಬರ್ಲಿ ಅಂತ ಒಂದು ಹಿಡಿ ಜಾಸ್ತಿನೇ ಹಾಕ್ದೆ. ಹನ್ನೊಂದಕ್ಕೆ ಬಲೆ ಎಳೆದ್ವಿ. ಮೂರು ಸಲ ಎಳೆದ್ವಿ, ಮೀನು ಹಾರಿ ಹಾರಿ ಬಿದ್ದು ಒದ್ದಾಡಿ ಸುಸ್ತಾಗಿ ಬಲೆಯಲ್ಲೇ ಅರ್ಧ ಸತ್ತಿದ್ವು. ಏರಿ ಮೇಲೆ ಹೊಂಗೆ ಮರದ ಕೆಳಗೆ ಟಾರ್ಪಾಲ್ ಹಾಸಿ ರಾಶಿ ಮಾಡಿ, ತೂಕ ಹಾಕಿ, ಗಾಡಿ ಬರೋ ಹೊತ್ತಿಗೆ ಎರಡೂವರೆ. ಮೇಲೆ ಒಂದಿಷ್ಟು ಐಸ್ ಎರಚಿ ಕಳಿಸಿದ್ವಿ. ಬೆಂಗಳೂರಲ್ಲಿ ಇಳಿಸೋವಾಗ ಕಾಟ್ಲಾ ಹೊಟ್ಟೆ ಒತ್ತಿದ್ರೆ ಬೆರಳು ಒಳಗೇ ಹೋಗ್ತಿತ್ತಂತೆ, ಎಷ್ಟೋ ಮೀನಿಂದು ಹೊಟ್ಟೆ ಬಿರಿದು ಕರುಳು ಹೊರಗೆ ಬಂದಿತ್ತು. ವ್ಯಾಪಾರಿ ಅರ್ಧ ರೇಟಿಗೆ ತಗೊಂಡ್ರು. ವಾಸನೆ ಏನೂ ಬರ್ತಿರ್ಲಿಲ್ವಲ್ಲ ಅಂತ ನಾನು ವಾದ ಮಾಡ್ದೆ. ಅಲ್ಲೇ ನನ್ನ ತಿಳುವಳಿಕೆ ತಪ್ಪಿದ್ದು.

ಸಮುದ್ರದ ಮೀನಿನ ಮೈಯಲ್ಲಿ ಒಂದು ವಸ್ತು ಇರುತ್ತೆ, ಬ್ಯಾಕ್ಟೀರಿಯಾ ಅದನ್ನ ಒಡೆದಾಗ ಆ ಗಾಢವಾದ ಮೀನು ವಾಸನೆ ಬರುತ್ತೆ. ನಮ್ಮ ಹೊಂಡದ ಗೆಂಡೆ ಜಾತಿ ಮೀನಲ್ಲಿ ಅದು ತುಂಬಾ ಕಮ್ಮಿ. ಹಾಗಾಗಿ ಮೂಗಿಗೆ ಗೊತ್ತಾಗೋ ಮೊದಲೇ ಮಾಂಸ ಹಾಳಾಗಿರುತ್ತೆ. ಇನ್ನೊಂದೇನಂದ್ರೆ ಮೊದಲ ಕೆಲವು ಗಂಟೆ ಹಾಳು ಮಾಡೋದು ಬ್ಯಾಕ್ಟೀರಿಯಾ ಅಲ್ವೇ ಅಲ್ಲ, ಮೀನಿನ ಮೈಯಲ್ಲೇ ಇರೋ ಎಂಜೈಮು. ಬದುಕಿದ್ದಾಗ ತಿಂದಿದ್ದನ್ನ ಕರಗಿಸ್ತಿದ್ದದ್ದು ಸತ್ತ ಮೇಲೆ ಮೀನನ್ನೇ ಕರಗಿಸುತ್ತೆ.

ಇದನ್ನ ಓದಿ ನಂಬೋಕಿಂತ ಕಣ್ಣಾರೆ ನೋಡೋಣ ಅಂತ ಮುಂದಿನ ಸಲ ಎಂಟು ಕಾಟ್ಲಾ ಎತ್ತಿಟ್ಕೊಂಡೆ, ಎಲ್ಲಾ ಒಂದೂಕಾಲು ಒಂದೂವರೆ ಕೆಜಿದು. ನಾಲ್ಕು ಆಗಷ್ಟೇ ತಿಂದಿದ್ವು, ನಾಲ್ಕು ಒಂದು ದಿನ ಉಪವಾಸ ಇದ್ದದ್ದು. ಐಸ್ ಇಲ್ದೆ ನೆರಳಲ್ಲಿ ಬುಟ್ಟಿಯಲ್ಲಿಟ್ಟು ಎರಡೆರಡು ಗಂಟೆಗೆ ಎರಡೂ ಕಡೆಯಿಂದ ಒಂದೊಂದು ಕೊಯ್ದು ನೋಡ್ದೆ. ಗೆಂಡೆ ಜಾತಿ ಮೀನಿಗೆ ಹೊಟ್ಟೆ ಚೀಲ ಅಂತ ಇಲ್ಲ, ಗಂಟಲಿಂದ ನೇರ ಕರುಳೇ, ಅದೂ ಮೈಗಿಂತ ಎಷ್ಟೋ ಪಟ್ಟು ಉದ್ದ, ಸುರುಳಿ ಸುರುಳಿಯಾಗಿ ತುಂಬ್ಕೊಂಡಿರುತ್ತೆ, ಲಿವರ್ ಮತ್ತೆ ಜೀರ್ಣರಸ ಮಾಡೋ ಭಾಗ ಎರಡೂ ಒಂದಕ್ಕೊಂದು ಬೆರೆತು ಆ ಸುರುಳಿಗಳ ಮಧ್ಯೆನೇ ಹರಡಿರುತ್ತೆ. ತಿಂದಿದ್ದ ಮೀನಲ್ಲಿ ನಾಲ್ಕನೇ ಗಂಟೆಗೇ ಕರುಳು ಎತ್ತಿದ್ರೆ ಹರೀತಿತ್ತು, ಒಳಗಿನ ಪೊರೆ ಒದ್ದೆ ಪೇಪರ್ ತರ ಬೆರಳಿಗೆ ಅಂಟ್ಕೊಂಡು ಬರ್ತಿತ್ತು. ಆರನೇ ಗಂಟೆಗೆ ಪಕ್ಕೆಲುಬು ಮಾಂಸ ಬಿಟ್ಟು ಮುಳ್ಳು ಮುಳ್ಳಾಗಿ ಎದ್ದು ನಿಂತಿತ್ತು, ಪಿತ್ತ ಸೋರಿ ಹೊಟ್ಟೆ ಗೋಡೆ ಮೇಲೆ ಹಸಿರು ಕಲೆ. ಆ ಕಲೆ ಇದ್ದ ತುಂಡನ್ನ ಸಾರು ಮಾಡಿ ನೋಡಿದ್ವಿ, ಕಹಿ, ಬಾಯಿಗಿಡೋಕಾಗ್ಲಿಲ್ಲ. ಉಪವಾಸ ಇದ್ದ ಮೀನು ಅದೇ ಆರನೇ ಗಂಟೆಯಲ್ಲಿ ಹಳೇದಾಗಿತ್ತು ನಿಜ, ಆದ್ರೆ ಪೊರೆ ಇನ್ನೂ ಹಿಡ್ಕೊಂಡಿತ್ತು. ಬರೀ ಒಂದು ದಿನ ತಿಂಡಿ ಹಾಕ್ದೆ ಇದ್ದದ್ದಕ್ಕೆ ಇಷ್ಟು ವ್ಯತ್ಯಾಸ ನೋಡಿ!

ಅಲ್ಲಿಂದ ಮೊದಲನೇ ಬದಲಾವಣೆ ಉಪವಾಸ. ಇದ್ರಲ್ಲೂ ಒಂದು ಎಡವಟ್ಟು ಮಾಡ್ಕೊಂಡೆ, ಹೊಂಡಕ್ಕೆ ಹಿಂಡಿ ನಿಲ್ಲಿಸಿದ್ರೆ ಸಾಕು ಅಂದ್ಕೊಂಡಿದ್ದೆ. ಕಾಟ್ಲಾ ಮೇಲ್ಗಡೆ ನೀರಲ್ಲಿರೋ ಸಣ್ಣ ಸಣ್ಣ ಜೀವಿಗಳನ್ನ ಸೋಸ್ಕೊಂಡು ತಿನ್ನೋ ಮೀನು, ಹಸಿರು ನೀರಲ್ಲಿದ್ರೆ ಅದಕ್ಕೆ ಉಪವಾಸ ಅನ್ನೋದೇ ಇಲ್ಲ. ಈಗ ಹಿಂದಿನ ದಿನವೇ ಬಲೆ ಎಳೆದು, ಬೋರ್ ನೀರು ತುಂಬಿಸಿದ ಸಿಮೆಂಟ್ ತೊಟ್ಟಿಯಲ್ಲಿ ಹಾಪಾ, ಅಂದ್ರೆ ಬಲೆಯ ದೊಡ್ಡ ಚೀಲ, ಕಟ್ಟಿ ಅದ್ರೊಳಗೆ ಮೀನು ಬಿಡ್ತೀನಿ, ರಾತ್ರಿಯೆಲ್ಲಾ ಗಾಳಿ ಪಂಪ್ ಓಡ್ತಿರುತ್ತೆ. ಹಿಕ್ಕೆ ಎಲ್ಲಾ ಹೋಗಿ ಕರುಳು ಖಾಲಿ ಆಗುತ್ತೆ. ತೂಕ ಸ್ವಲ್ಪ ಕಮ್ಮಿ ಆಗುತ್ತೆ ಅಂತ ಅಣ್ಣ ಈಗ್ಲೂ ಗೊಣಗ್ತಾನೆ, ಆದ್ರೆ ಆ ತೂಕ ತೌಡಿಂದು, ಮೀನಿಂದಲ್ಲ.

ತೊಟ್ಟಿಯಿಂದ ಇನ್ನೊಂದು ಲಾಭ ನಾನು ಎಣಿಸಿರ್ಲಿಲ್ಲ. ಬಲೆಯಲ್ಲಿ ಒದ್ದಾಡಿದ ಸುಸ್ತು ರಾತ್ರಿ ಇಳಿಯುತ್ತೆ. ಮೀನು ಒದ್ದಾಡಿದಾಗ ಮಾಂಸಖಂಡದಲ್ಲಿ ಕೂಡಿಟ್ಟ ಸಕ್ಕರೆ ಅಂಶ, ಖಂಡ ಕೆಲಸ ಮಾಡೋಕೆ ಶಕ್ತಿ ಕೊಡೋ ಎಟಿಪಿ ಅನ್ನೋ ವಸ್ತು ಎಲ್ಲಾ ಖರ್ಚಾಗಿ ಹುಳಿ ಸೇರ್ಕೊಳ್ಳುತ್ತೆ. ಹಾಗೇ ಸತ್ರೆ ಸೆಟೆತ, ಅಂದ್ರೆ ಸತ್ತ ಮೇಲೆ ಮೈ ಬಿಗಿದು ಗಟ್ಟಿಯಾಗೋದು, ಬೇಗ ಬರುತ್ತೆ, ಜೋರಾಗಿ ಬರುತ್ತೆ, ಮೈ ಬಿಸಿ ಇದ್ದಾಗ್ಲೇ ಬಂದ್ರಂತೂ ಖಂಡಗಳು ಒಂದನ್ನೊಂದು ಹಿಡಿದಿರೋ ತೆಳು ಪೊರೆಯನ್ನೇ ಕಿತ್ತಾಕುತ್ತೆ, ಆಮೇಲೆ ತುಂಡು ಮಾಡಿದ್ರೆ ಮಾಂಸ ಪದರ ಪದರ ಬಿಟ್ಕೊಳ್ಳುತ್ತೆ. ಸೆಟೆತ ಬಾಲದ ಕಡೆ ಶುರುವಾಗಿ ತಲೆ ಕಡೆ ಹೋಗೋದನ್ನ ಕೈಯಲ್ಲಿ ಹಿಡಿದೇ ನೋಡಬಹುದು, ಮಧ್ಯಕ್ಕೆ ಹಿಡಿದು ಎತ್ತಿದ್ರೆ ಬಾಲ ಜೋತು ಬೀಳ್ದೆ ಕೋಲಿನ ತರ ನಿಂತಿರುತ್ತೆ. ಸೆಟೆದಿರೋವಷ್ಟು ಹೊತ್ತು ಮೀನು ಫ್ರೆಶ್ಶು. ಅದು ಬಿಟ್ಟ ಮೇಲೇ ಖಂಡದ ಎಂಜೈಮುಗಳ ಕೆಲಸ ಕೈಗೆ ಗೊತ್ತಾಗೋದು, ಒತ್ತಿದ ಗುಳಿ ಮೇಲೆ ಬರಲ್ಲ.

ಈಗ ಬೆಳಗಿನ ಜಾವ ನಾಲ್ಕೂವರೆಗೆ ಕೆಲಸ ಶುರು. ತೊಟ್ಟಿಯಿಂದ ಎತ್ತಿದ ತಕ್ಷಣ ದೊಡ್ಡ ಮೀನಿಗೆ ಕಣ್ಣಿನ ಹಿಂದೆ ನೆತ್ತಿಗೆ ಕಟ್ಟಿಗೆಯಿಂದ ಒಂದೇ ಏಟು, ಒದ್ದಾಟ ನಿಂತುಬಿಡುತ್ತೆ. ಬರೀ ಐಸ್ ನೀರಿಗೆ ಜೀವಂತ ಹಾಕಿದ್ರೆ ಗೆಂಡೆ ಬೇಗ ಸಾಯಲ್ಲ, ಬಹಳ ಹೊತ್ತು ನರಳುತ್ತೆ, ಅದನ್ನ ನೋಡೋಕೂ ಆಗಲ್ಲ ಮಾಂಸಕ್ಕೂ ಒಳ್ಳೇದಲ್ಲ. ಏಟು ಕೊಟ್ಟ ಮೇಲೆ ಐಸು ನೀರು ಕಲಸಿದ ಡ್ರಮ್ಮಿಗೆ, ಅಲ್ಲಿಂದ ಬಾಕ್ಸಿಗೆ, ಕೆಳಗೆ ಐಸ್, ಒಂದು ಸಾಲು ಮೀನು, ಮತ್ತೆ ಐಸ್.

ಐಸ್ ಎಷ್ಟು ಬೇಕು ಅನ್ನೋದನ್ನ ಲೆಕ್ಕ ಹಾಕಿ ನೋಡಿ. 28 ಡಿಗ್ರಿಯಲ್ಲಿರೋ 100 ಕೆಜಿ ಮೀನನ್ನ ಸೊನ್ನೆಗೆ ಇಳಿಸೋಕೇ ಸುಮಾರು 30 ಕೆಜಿ ಐಸ್ ಕರಗಿಹೋಗುತ್ತೆ. ನಾನು ಮೊದಲ ಸಲ ಎರಚಿದ್ದು ಅಷ್ಟೂ ಇರ್ಲಿಲ್ಲ, ಅಂದ್ರೆ ಮೀನು ತಣ್ಣಗೇ ಆಗಿರ್ಲಿಲ್ಲ, ಮೇಲಿನ ಸಾಲು ಮಾತ್ರ ಮುಟ್ಟಿದ್ರೆ ತಣ್ಣಗಿತ್ತು. ಆಮೇಲೆ ದಾರಿಯ ಬಿಸಿಲು, ಬಾಕ್ಸ್ ಸಂದಿ ಗಾಳಿ ಎಲ್ಲಾ ಸೇರಿದ್ರೆ ಬೇಸಿಗೆಯಲ್ಲಿ ಮೀನಿನಷ್ಟೇ ತೂಕದ ಐಸ್ ಬೇಕು. ಪುಡಿ ಮಾಡಿದ್ದೇ ಬೇಕು, ಗಡ್ಡೆ ಹಾಕಿದ್ರೆ ಮೈ ಜಜ್ಜುತ್ತೆ, ಜಜ್ಜಿದ ಕಡೆ ಎಂಜೈಮು ಇನ್ನೂ ಬೇಗ ಹರಡುತ್ತೆ.

ರಕ್ತ ಬಿಡೋ ವಿಷಯದಲ್ಲಿ ಮಾತ್ರ ನಂಗೆ ಇನ್ನೂ ದಾರಿ ಸಿಕ್ಕಿಲ್ಲ. ಕಿವಿರು ಕೊಯ್ದು ರಕ್ತ ಹರಿಸಿದ್ರೆ ಮಾಂಸ ಬಿಳಿಯಾಗಿ ಬರುತ್ತೆ, ತಿನ್ನೋಕೆ ಅದೇ ಚೆಂದ. ಆದ್ರೆ ಕಿವಿರು ಬಿಳಿಚ್ಕೊಳ್ಳುತ್ತೆ, ಮಾರ್ಕೆಟ್ಟಲ್ಲಿ ಎಲ್ರೂ ಮೊದಲು ಎತ್ತಿ ನೋಡೋದು ಅದನ್ನೇ, ಕೆಂಪಿಲ್ಲ ಅಂದ್ರೆ ಹಳೇದು ಅಂತಾರೆ. ಹಾಗಾಗಿ ಗಾಡಿಗೆ ಹೋಗೋ ಮೀನಿಗೆ ಮಾಡಲ್ಲ, ಊರಲ್ಲಿ ಮನೆಗೆ ಹೇಳಿ ತರಿಸ್ಕೊಳ್ಳೋರಿಗೆ ಮಾತ್ರ ಮಾಡಿಕೊಡ್ತೀನಿ.

ಮೃಗಾಲ್ ಕೂಡ ನಂಗೆ ಕಷ್ಟವೇ. ಅದು ತಳದಲ್ಲಿರುತ್ತೆ, ಬಲೆ ಅಡಿಯಿಂದ ನುಸುಳುತ್ತೆ, ಕೆಸರು ಮೇಯ್ದಿರುತ್ತೆ, ಕೊನೇಗೆ ಸಿಗೋದು, ಅಷ್ಟೊತ್ತಿಗೆ ನಾಲ್ಕೈದು ಸಲ ಬಲೆಗೆ ಸಿಕ್ಕಿ ಒದ್ದಾಡಿರುತ್ತೆ. ತೊಟ್ಟಿಗೆ ಬಿಟ್ರೂ ಒಂದು ರಾತ್ರಿ ಸಾಲಲ್ಲ. ಅದನ್ನ ಬೆಂಗಳೂರಿಗೆ ಕಳಿಸೋದೇ ಬಿಟ್ಟಿದ್ದೀನಿ, ಎರಡು ದಿನ ತೊಟ್ಟಿಯಲ್ಲೇ ಇಟ್ಟು ಜೀವಂತವಾಗಿ ಸಂತೆ ದಿನ ಇಲ್ಲೇ ಮಾರ್ತೀನಿ.