ಸೀಲ್ ಮೈಮೇಲಿನ ಹೇನಲ್ಲಿ ಹಾರ್ಟ್‌ವರ್ಮ್ ಹುಡುಕೋದು ಹೇಗೆ

ರೆಸ್ಕ್ಯೂ ಸೆಂಟರ್‌ಗೆ ಬಂದ ಹಾರ್ಬರ್ ಸೀಲ್ (ಕಡಲಲ್ಲಿ ಈಜೋ, ದಡದಲ್ಲಿ ಮಲಗೋ ಸಸ್ತನಿ) ಮರಿ ಮೈಮೇಲೆ ಹೇನು ಕಂಡ್ರೆ ತಕ್ಷಣ ಔಷಧಿ ಹಾಕ್ಬೇಡಿ, ಮೊದ್ಲು ಒಂದಷ್ಟು ಹೇನು ಜೋಪಾನವಾಗಿ ಎತ್ತಿಟ್ಕೊಳ್ಳಿ. ಅದು ಬರೀ ತುರಿಕೆ ವಿಷ್ಯ ಅಲ್ಲ, ಮರಿ ಹೃದಯದಲ್ಲಿ ಹುಳ ಇದ್ಯಾ ಅನ್ನೋದಕ್ಕೆ ಸುಳಿವು ಆ ಹೇನಿನ ಹೊಟ್ಟೇಲೇ ಸಿಗ್ಬಹುದು.

ನಡೆಯೋದು ಹೀಗೆ. ಅಕ್ಯಾಂಥೋಕೈಲೋನೀಮಾ ಸ್ಪೈರೋಕಾಡಾ ಅನ್ನೋ ದಾರದಂಥ ಹುಳ ಸೀಲ್ ಹೃದಯದ ಬಲಭಾಗದಲ್ಲಿ, ಶ್ವಾಸಕೋಶಕ್ಕೆ ಹೋಗೋ ರಕ್ತನಾಳದಲ್ಲಿ ಇರುತ್ತೆ, ಅದ್ರ ಮರಿಗಳು ಅಂದ್ರೆ ಮೈಕ್ರೋಫೈಲೇರಿಯಾ ರಕ್ತದಲ್ಲಿ ಓಡಾಡ್ತವೆ, ಎಕಿನೋಫ್ತಿರಿಯಸ್ ಹಾರಿಡಸ್ ಅನ್ನೋ ಹೇನು ರಕ್ತ ಹೀರಿದಾಗ ಅವೂ ಒಳಗೆ ಹೋಗಿ ಅಲ್ಲೇ ಬೆಳೆದು ಮೂರನೇ ಹಂತದ ಲಾರ್ವಾ (ರೋಗ ದಾಟಿಸಬಲ್ಲ ಎಳೆ ಹುಳ) ಆಗ್ತವೆ, ಆಮೇಲೆ ಆ ಹೇನು ಇನ್ನೊಂದು ಸೀಲ್‌ಗೆ ಹತ್ತಿ ಕಚ್ಚಿದ್ರೆ ಹುಳ ದಾಟಿದ ಹಾಗೆ. ಹೇನೇ ಇದರ ವಾಹಕ ಅಂತ 1981ರಲ್ಲೇ ಸಂಶೋಧನಾ ಪೇಪರ್ ಬಂದಿದೆ. ಹೇನು ದಾಟೋದು ಸೀಲ್‌ಗಳು ದಡದಲ್ಲಿ ಮೈಗೆ ಮೈ ತಾಗ್ಸಿ ಮಲಗಿದಾಗ, ತಾಯಿ ಹಾಲು ಕುಡಿಸುವಾಗ, ನಮ್ಮ ಮಕ್ಕಳು ತಲೆಗೆ ತಲೆ ತಾಗ್ಸಿ ಆಡಿ ಹತ್ತಿಸ್ಕೊಳ್ಳೋ ಹಾಗೆ.

ಬೀಚಲ್ಲಿ ಬಿದ್ದಿರೋ ಸೀಲ್‌ನ ನೀವಾಗಿ ಮುಟ್ಬೇಡಿ, ಅಮೆರಿಕಾದಲ್ಲಿ 1972ರ ಸಾಗರ ಸಸ್ತನಿ ರಕ್ಷಣಾ ಕಾಯ್ದೆ ಪ್ರಕಾರ ಅದು ಅಪರಾಧ. ಸೆಂಟರ್ ಒಳಗೆ, ವೆಟ್ (ಪ್ರಾಣಿ ಡಾಕ್ಟರ್) ಆ ಮರೀನ ಹಿಡಿದಿರುವಾಗ ಮಾತ್ರ ಕೈ ಹಾಕಿ, ಗ್ಲೌಸ್ ಕಡ್ಡಾಯ. ತಲೆ, ಕಣ್ಣಿನ ಸುತ್ತ, ಕುತ್ತಿಗೆ ಮೊದ್ಲು ನೋಡಿ. ಕೂದಲು ಒದ್ದೆ ಇದ್ರೆ ಅಂಟ್ಕೊಂಡು ಏನೂ ಕಾಣಲ್ಲ, ಸ್ವಲ್ಪ ಒಣಗಲಿ. ಹೇನು ಕಂದು ಬಣ್ಣ, ಮೈತುಂಬ ಮುಳ್ಳು, ಕೊಕ್ಕೆಯಂಥ ಉಗುರಲ್ಲಿ ಕೂದಲನ್ನ ಗಟ್ಟಿಯಾಗಿ ಹಿಡಿದಿರುತ್ತೆ, ಎಳೆದ್ರೆ ಕಾಲು ಕಿತ್ತೋಗತ್ತೆ, ಅದಕ್ಕೇ ಮೆತ್ತನೆ ಚಿಮಟದಲ್ಲಿ ಮೈ ಹಿಡ್ಕೊಂಡು ಕೂದಲ ತುದಿ ಕಡೆಗೆ ಸರಿಸಿ. (ಎಂಥಾ ಗಟ್ಟಿ ಪ್ರಾಣಿ ನೋಡಿ, ಆನೆ ಸೀಲ್ ಹೇನುಗಳು 2000 ಮೀಟರ್ ಆಳದ ಒತ್ತಡ ತಡ್ಕೊಂಡು ಬದುಕಿದ್ದು ಪ್ರಯೋಗದಲ್ಲೇ ಗೊತ್ತಾಗಿದೆ.) ಎತ್ತಿದ್ದನ್ನ ಎಥನಾಲ್ ಬಾಟಲಿಗೆ ಹಾಕಿ, ಯಾವ ಮರಿ, ಯಾವ ದಿನ, ಮೈಯ ಯಾವ ಭಾಗ ಅಂತ ಪೆನ್ಸಿಲಲ್ಲಿ ಚೀಟಿ ಬರೆದು ಒಳಗೇ ಹಾಕಿ, ಪೆನ್ನಿನ ಇಂಕ್ ಎಥನಾಲಲ್ಲಿ ಕರಗಿ ಹೋಗುತ್ತೆ.

ಜೊತೆಗೆ ವೆಟ್ ತೆಗೆದ ರಕ್ತದಲ್ಲಿ ನಾಟ್ಸ್ ಟೆಸ್ಟ್ (ಮೈಕ್ರೋಫೈಲೇರಿಯಾ ಹುಡುಕೋ ಪರೀಕ್ಷೆ) ಮಾಡಿ: 1 ಮಿಲಿ ರಕ್ತಕ್ಕೆ 9 ಮಿಲಿ 2% ಫಾರ್ಮಲಿನ್ ಸೇರ್ಸಿ ಕಲಸಿ, ಸೆಂಟ್ರಿಫ್ಯೂಜ್ ಮಾಡಿ (ಯಂತ್ರದಲ್ಲಿ ಜೋರಾಗಿ ತಿರುಗ್ಸಿ), ಮೇಲಿನ ನೀರು ಚೆಲ್ಲಿ, ತಳದಲ್ಲಿ ಕೂತಿದ್ದಕ್ಕೆ ಮೆಥಿಲೀನ್ ಬ್ಲೂ ಅನ್ನೋ ನೀಲಿ ಬಣ್ಣದ ಹನಿ ಹಾಕಿ ಮೈಕ್ರೋಸ್ಕೋಪಲ್ಲಿ ನೋಡಿ. ಹೇನನ್ನ ಸೂಜಿಯಲ್ಲಿ ಬಿಡಿಸಿ ಬೇರೆ ನೋಡಿ, ಇಲ್ಲಾ ಪಿಸಿಆರ್‌ಗೆ (ಹುಳದ ಡಿಎನ್‌ಎ ಹುಡುಕೋ ಪರೀಕ್ಷೆಗೆ) ಕಳ್ಸಿ.

ರಿಸಲ್ಟ್ ಓದುವಾಗ ಆತುರ ಬೇಡ. ಹೇನಲ್ಲಿ ಈಗಷ್ಟೇ ಹೀರಿದ ಮೈಕ್ರೋಫೈಲೇರಿಯಾ ಸಿಕ್ರೆ ಸೀಲ್ ರಕ್ತದಲ್ಲಿ ಅದು ಇತ್ತು ಅಂತಷ್ಟೇ ಅರ್ಥ, ಮೂರನೇ ಹಂತದ್ದು ಸಿಕ್ರೆ ಮಾತ್ರ ಆ ಹೇನು ರೋಗ ದಾಟಿಸಬಲ್ಲದು. ಮಲದಲ್ಲಿ ಲಾರ್ವಾ ಕಂಡ್ರೆ ಅದು ಮೀನಿಂದ ಬರೋ ಶ್ವಾಸಕೋಶದ ಹುಳ ಇರ್ಬಹುದು, ಹೇನಿನ ಮೇಲೆ ತಪ್ಪು ಹೊರಿಸ್ಬೇಡಿ.

ಹುಳ ಇದೆ ಅಂತ ಖಾತ್ರಿ ಆದ್ರೂ ದೊಡ್ಡ ಹುಳ ಸಾಯ್ಸೋ ಔಷಧಿ ವೆಟ್ ಹೇಳದೆ ಕೊಡ್ಲೇಬೇಡಿ, ನಾಯಿಗಳ ಹಾರ್ಟ್‌ವರ್ಮಲ್ಲಿ ನೋಡಿರೋ ಹಾಗೆ ಸತ್ತ ಹುಳ ರಕ್ತನಾಳ ಕಟ್ಟಿ ಪ್ರಾಣಕ್ಕೇ ಕುತ್ತು ತರುತ್ತೆ. ಹೇನಿಗೆ ಚಿಕಿತ್ಸೆ ಮುಗಿಯೋವರೆಗೂ ಆ ಮರೀನ ಬೇರೆ ಮರಿಗಳ ಜೊತೆ ಬಿಡ್ಬೇಡಿ.